ಫೋನಿನೊಳಗಿನ ದವಾಖಾನೆಗೆ ಬಾಗಿಲೆಲ್ಲಿ?

ಸಾಣಾಪುರದ ಕೆರೆಯ ಬಳಿ ಎರಡು ದಿನ ತಂಗಬೇಕೆಂದರೆ ಯಾವುದೋ ದೇಶದಲ್ಲಿ ಕುಳಿತವನು ಫೋನಿನ ಮೇಲೆ ನಾಲ್ಕು ಸಲ ಬೆರಳಾಡಿಸಿ ಕೋಣೆ ಗೊತ್ತುಮಾಡಿಕೊಳ್ಳುತ್ತಾನೆ. ಆತ ಬಂದರೆ ನಮ್ಮ ಜನಕ್ಕೂ ನಾಲ್ಕು ಕಾಸು ಸಿಗುತ್ತದೆ, ಬರಲಿ. ಅದೇ ಸಾಣಾಪುರದಲ್ಲಿ ಕಣ್ಣು ಕಾಣದ ಮುದುಕನೊಬ್ಬ ತನ್ನ ಸಕ್ಕರೆ ಕಾಯಿಲೆಯ ಬಗ್ಗೆ ಡಾಕ್ಟರರನ್ನು ಕೇಳಬೇಕಾಗಿದೆ ಎಂದಿಟ್ಟುಕೊಳ್ಳಿ. ಬಸ್ಸಿನ ಎತ್ತರದ ಮೆಟ್ಟಿಲು ಹತ್ತಿ ಗಂಗಾವತಿಗೆ ಹೋಗಬೇಕು. ಅಲ್ಲಿ ಆಗದಿದ್ದರೆ ಕೊಪ್ಪಳ. ಕೈಹಿಡಿದು ಕರೆದೊಯ್ಯುವ ಮಗ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುವವನಾದರೆ ಅಂದಿನ ಕೂಲಿ ಹೋಯಿತು.

ಇಂಥವರಿಗಾಗಿಯೇ ಡಾಕ್ಟರರು ತಂತಿಯ ಮೂಲಕ ಹಳ್ಳಿಗೆ ಬರುತ್ತಾರೆಂದು ಸರಕಾರ ಹೇಳುತ್ತ ಬಂದಿದೆ. ಮಾತು ಹೊಸದಲ್ಲ. 2002ರಲ್ಲಿಯೇ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನು ಉಪಗ್ರಹದ ಮೂಲಕ ಬೆಂಗಳೂರಿನ ಹೃದ್ರೋಗ ತಜ್ಞರಿಗೆ ಜೋಡಿಸಲಾಗಿತ್ತು. 2019ರಲ್ಲಿ ಇ-ಸಂಜೀವನಿ ಬಂತು; ಕೊರೊನಾ ಕಾಲದಲ್ಲಿ, 2020ರ ಏಪ್ರಿಲಿನಿಂದ, ಮನೆಯಲ್ಲಿ ಕುಳಿತೇ ಡಾಕ್ಟರರನ್ನು ಕಾಣುವ ಏರ್ಪಾಡೂ ಆಯಿತು. ನಾವು ಇದನ್ನು ಮನಸಾರೆ ಸ್ವಾಗತಿಸುತ್ತೇವೆ. ನಡೆಯಲಾರದವನ ಬಳಿಗೆ ದವಾಖಾನೆಯೇ ಬರುವುದಕ್ಕಿಂತ ಒಳ್ಳೆಯ ಕೆಲಸ ಯಾವುದಿದೆ? ಆದರೆ ಯಾರಿಗೆ ಅದು ಎಲ್ಲರಿಗಿಂತ ಹೆಚ್ಚು ಬೇಕೋ ಅವರೇ ಹೊಸ್ತಿಲಲ್ಲಿ ನಿಂತಿದ್ದಾರೆ.

ಕಾಣದವರು ಮೊಬೈಲು ಬಳಸುವುದು ಕಿವಿಯಿಂದ. ತೆರೆಯ ಮೇಲೆ ಬರೆದುದನ್ನು ಓದಿ ಹೇಳುವ ಸಾಧನ ಫೋನಿನೊಳಗೇ ಇದೆ, ಕನ್ನಡವನ್ನೂ ಓದುತ್ತದೆ. ಆದರೆ ಅದು ಓದಬೇಕಾದರೆ ಆ್ಯಪ್ ಮಾಡಿದವನು ಪ್ರತಿಯೊಂದು ಗುಂಡಿಗೂ ಒಳಗೆ ಹೆಸರು ಬರೆದಿರಬೇಕು. ಬರೆಯದಿದ್ದರೆ ಅದು "ಬಟನ್, ಬಟನ್, ಬಟನ್" ಎಂದಷ್ಟೇ ಹೇಳುತ್ತದೆ. ಯಾವುದು ಡಾಕ್ಟರರನ್ನು ಕರೆಯುವುದು, ಯಾವುದು ರದ್ದು ಮಾಡುವುದು? ಮುಂದೆ ಒಂದು ಸೊಟ್ಟ ಅಕ್ಷರಗಳ ಚಿತ್ರ ಬರುತ್ತದೆ; ನೀನು ಯಂತ್ರವಲ್ಲ, ಮನುಷ್ಯನೆಂದು ಸಾಬೀತು ಮಾಡು ಎನ್ನುತ್ತದೆ. ಕಣ್ಣಿದ್ದವರಿಗೇ ತಡಕಾಡುವಂತಾಗುವ ಆ ಅಕ್ಷರಗಳನ್ನು ಕಣ್ಣಿಲ್ಲದವನು ಹೇಗೆ ಓದಬೇಕು?

ಇದಾಗದ ಕೆಲಸವೆಂದು ಯಾರೂ ನಮಗೆ ಹೇಳಬೇಕಾಗಿಲ್ಲ. ಗಂಗಾವತಿಯ ಪೇಟೆಯಲ್ಲಿ ಅಂಗಡಿಯಿಟ್ಟ ಓದುಗರೇ, ನಿಮ್ಮ ಗಲ್ಲೆಯ ಪಕ್ಕದ ಪುಟ್ಟ ಡಬ್ಬಿಯನ್ನು ನೋಡಿರಿ. ಗಿರಾಕಿ ಹಣ ಕಳಿಸಿದೊಡನೆ ಇಷ್ಟು ರೂಪಾಯಿ ಬಂತೆಂದು ಅದು ಕನ್ನಡದಲ್ಲಿ ಕೂಗುತ್ತದೆ. ವ್ಯಾಪಾರದ ಭರದಲ್ಲಿ ನಿಮಗೆ ತೆರೆ ನೋಡಲು ಪುರಸತ್ತಿಲ್ಲವೆಂದು ಅರಿತು ಕಂಪನಿಯವರು ಮಾಡಿದ್ದು ಅದು. ಲಾಭ ಕಂಡಲ್ಲಿ ಯಂತ್ರಕ್ಕೆ ಬಾಯಿ ಬಂತು. ಸಾರ್ವಜನಿಕ ದವಾಖಾನೆಯ ಯಂತ್ರಕ್ಕೆ ಅಷ್ಟೇ ಬಾಯಿ ಕೊಡಲು ಏನಡ್ಡಿ?

ಮನೆಯವರು ನೋಡಿ ಹೇಳುತ್ತಾರಲ್ಲ ಎಂಬ ವಾದವೂ ಇದೆ. ಕಿವಿ ಕೇಳದ ಒಬ್ಬ ಸೊಸೆ ಡಾಕ್ಟರರ ಚಿತ್ರದ ಮುಂದೆ ಕುಳಿತಿದ್ದಾಳೆನ್ನಿ. ಆಕೆಯ ಕೈಸನ್ನೆಯನ್ನು ಮಾತಿಗೆ ತಿರುಗಿಸಲು ಪಕ್ಕದಲ್ಲಿರುವವನು ಮೈದುನ. ತನ್ನ ಮುಟ್ಟಿನ ತೊಂದರೆಯನ್ನು, ಮನೆಯಲ್ಲಿ ಬಿದ್ದ ಏಟನ್ನು ಆಕೆ ಅವನ ಎದುರಿಗೆ ಹೇಳಿಯಾಳೆ? ಹೇಳಿದರೂ ಅದು ಡಾಕ್ಟರರಿಗೆ ಹಾಗೆಯೇ ಮುಟ್ಟೀತೆ? ಡಾಕ್ಟರರೇ ತಂತಿಯ ಮೇಲೆ ಬರುವುದಾದರೆ ಸನ್ನೆಭಾಷೆ ಬಲ್ಲವರೂ ಅದೇ ತಂತಿಯ ಮೇಲೆ ಬರಬಹುದು. ಕೊಪ್ಪಳದಲ್ಲಿ ನಾಲ್ಕು ಜನರನ್ನು ಸಂಬಳಕ್ಕಿಟ್ಟರೆ ಕುಷ್ಟಗಿ, ಯಲಬುರ್ಗಾಗಳ ಹಳ್ಳಿಗೂ ಅವರು ಒದಗುತ್ತಾರೆ.

ಇದು ಕೇವಲ ದವಾಖಾನೆಯ ಮಾತೂ ಅಲ್ಲ, ಬೇರೆ ಯಾರದೋ ಪಾಡೂ ಅಲ್ಲ. ಗಿರಣಿಯಲ್ಲಿ ಚೀಲ ಹೊತ್ತು ಬೆರಳಿನ ಗೆರೆ ಸವೆದವರು ರೇಷನ್ ಅಂಗಡಿಯ ಯಂತ್ರದ ಮುಂದೆ ಹೆಬ್ಬೆರಳು ಒರೆಸಿ ಒರೆಸಿ ಒತ್ತುವುದನ್ನು ನಾವು ಕಂಡಿಲ್ಲವೆ? ಪಟ್ಟೆಗೆ ಕೈ ಸಿಕ್ಕ ದಿನ ನಮ್ಮಲ್ಲಿ ಯಾರಾದರೂ ಈ ಸಾಲಿಗೆ ಸೇರಬಹುದು. 2018ರಲ್ಲಿ ಬೆಂಗಳೂರಿನ ಕುಷ್ಠರೋಗಾಸ್ಪತ್ರೆಯಲ್ಲಿದ್ದ ವೃದ್ಧೆಯೊಬ್ಬಳ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ರೋಗ ಆಕೆಯ ಬೆರಳನ್ನೂ ಕಣ್ಣನ್ನೂ ಕಸಿದಿತ್ತು. ಆದುದರಿಂದ ಆಧಾರ್ ಇಲ್ಲ, ಆಧಾರ್ ಇಲ್ಲವೆಂದು ಮಾಸಾಶನವಿಲ್ಲ. ಬೆರಳಿಲ್ಲದವರಿಗೂ ಆಧಾರ್ ಕೊಡಬಹುದೆಂದು ನಿಯಮದಲ್ಲಿ ಇತ್ತು. ನಿಯಮ ಕಡತದಲ್ಲಿತ್ತು, ಮುದುಕಿ ಹಾಸಿಗೆಯಲ್ಲಿದ್ದಳು.

ಕಾಯಿದೆಗೇನೂ ಬರವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿ, ಮಾಹಿತಿ ತಂತ್ರಜ್ಞಾನ ಅವರೆಲ್ಲರಿಗೂ ಎಟಕುವಂತೆ ಇರಬೇಕೆಂದು ಹೇಳಿದೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಇಂಥ ನಿಯಮಗಳು ಬರಿಯ ಸಲಹೆಯಾಗಿರಕೂಡದು, ಕಡ್ಡಾಯವಾಗಬೇಕು ಎಂದಿತು. 2025ರ ಏಪ್ರಿಲ್ 30ರಂದು ಅದೇ ನ್ಯಾಯಾಲಯ ಇನ್ನೂ ಮುಂದೆ ಹೋಯಿತು. ಆಸಿಡ್ ದಾಳಿಗೆ ತುತ್ತಾದ ಪ್ರಜ್ಞಾ ಪ್ರಸೂನ್ ಅವರ ಅರ್ಜಿ ಅದು. ಗುರುತು ಖಾತ್ರಿಗೆ ಫೋನಿನ ಮುಂದೆ ಕಣ್ಣು ಮಿಟುಕಿಸಿ ತೋರಿಸು ಎಂದರೆ, ಸುಟ್ಟ ಕಣ್ಣಿನವರು ಏನು ಮಿಟುಕಿಸಬೇಕು? ಇಂಥ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿಗೇ ಸೇರಿದ್ದೆಂದು ನ್ಯಾಯಾಲಯ ಸಾರಿ 20 ನಿರ್ದೇಶನಗಳನ್ನು ಕೊಟ್ಟಿದೆ.

ಕಾಯಿದೆ ಮುರಿದವರಿಗೆ ಮೊದಲ ಸಲದ ದಂಡ ಹೆಚ್ಚೆಂದರೆ 10,000 ರೂಪಾಯಿ. ಕೋಟಿಗಟ್ಟಲೆ ಗುತ್ತಿಗೆ ಹಿಡಿಯುವ ಕಂಪನಿಗೆ ಇದು ಚಹಾದ ಖರ್ಚು. ಆದಕಾರಣ ಹೊಡೆತ ಬೀಳಬೇಕಾದದ್ದು ಬಿಲ್ಲಿನ ಮೇಲೆ. ಸರಕಾರ ಮಾಡಿಸುವ ಯಾವ ಆ್ಯಪನ್ನಾಗಲಿ ಕಾಣದವರು, ಕೇಳದವರು, ಕೈ ನಡುಗುವವರು ಬಳಸಿ ನೋಡಿ ಸರಿಯಿದೆ ಎಂದು ರುಜು ಹಾಕುವವರೆಗೆ ಗುತ್ತಿಗೆದಾರನಿಗೆ ಹಣ ಕೊಡಕೂಡದು. ಪರೀಕ್ಷೆ ಮಾಡಿದವರಿಗೆ ಕೂಲಿ ಕೊಡಬೇಕು. ಅದೂ ಒಂದು ದುಡಿಮೆಯೇ. ಅಲ್ಲಿಯತನಕ ಆನ್‌ಲೈನಿನಲ್ಲಿ ಹಾಕಿ ಬನ್ನಿ ಎಂದು ಕಚೇರಿಯ ಕಿಟಕಿ ಮುಚ್ಚಲು ಯಾವ ಅಧಿಕಾರಿಗೂ ಬಿಡಕೂಡದು.

2011ರ ಜನಗಣತಿಯಲ್ಲಿ ಕರ್ನಾಟಕದ ಅಂಗವಿಕಲರ ಎಣಿಕೆ 13 ಲಕ್ಷ 24 ಸಾವಿರ. ಅದೂ 21 ಬಗೆಗಳನ್ನು ಲೆಕ್ಕಕ್ಕೆ ಹಿಡಿಯುವ ಮೊದಲಿನ ಮಾತು. ಅಂದಿನಿಂದ ಇವರ ಹೆಸರು ಮಾತ್ರ ಬದಲಾಗುತ್ತಲೇ ಇದೆ: ವಿಕಲಚೇತನರು, ವಿಶೇಷಚೇತನರು, ದಿವ್ಯಾಂಗರು. ಹೆಸರಿಗೆ ದಿವ್ಯತೆ ಬಂದಷ್ಟು ಬೇಗ ಗುಂಡಿಗೆ ಹೆಸರು ಬರೆಯುವ ಕೆಲಸ ಆಗಲಿಲ್ಲ.

ಗ್ರಾಮ ಪಂಚಾಯತಿಗಳು ತಮ್ಮ ಸ್ವಂತ ವರಮಾನದಲ್ಲಿ ಶೇಕಡಾ 5ನ್ನು ಅಂಗವಿಕಲರಿಗೆ ಮೀಸಲಿಡಬೇಕು. ಪಂಚಾಯತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೆಂದು ಅಂಗವಿಕಲರೇ ಗೌರವಧನಕ್ಕೆ ದುಡಿಯುತ್ತಿದ್ದಾರೆ. ಅವರ ಕೈಗೆ ಒಂದು ಒಳ್ಳೆಯ ಫೋನು, ಸ್ವಲ್ಪ ತರಬೇತಿ, ನೆಟ್ಟಗೆ ಸಂಬಳ ಕೊಟ್ಟರೆ ಅರ್ಧ ಕೆಲಸ ಆದಂತೆ. ಸಾಣಾಪುರದಲ್ಲಾಗಲಿ ಆನೆಗೊಂದಿಯಲ್ಲಾಗಲಿ ಮುಂದಿನ ಗ್ರಾಮಸಭೆ ಸೇರಿದಾಗ ನಮ್ಮ ಓದುಗರು ಎದ್ದು ನಿಂತು ಆ ಶೇಕಡಾ 5ರ ಲೆಕ್ಕ ಕೇಳಬೇಕು. ಲೆಕ್ಕ ಕೇಳುವಾಗ ಪಕ್ಕದ ಮನೆಯ ಕಾಣದ ಅಜ್ಜನನ್ನೂ ಕರೆದೊಯ್ಯಿರಿ. ಫೋನು ಆತನ ಕೈಗೇ ಕೊಟ್ಟು, ಡಾಕ್ಟರರನ್ನು ಕರೆದು ನೋಡೆಂದು ಸಭೆಯ ಎದುರಿಗೇ ಹೇಳಿರಿ.