ಬಣ್ಣ ಹಚ್ಚಿದರೆ ಲೇಖನಿ ಒಣಗುತ್ತದೆಯೇ?

ಗಿರೀಶ ಕಾರ್ನಾಡರ ಮಾತು ಬಂದಾಗಲೆಲ್ಲ ನಮ್ಮ ಸಾಹಿತ್ಯ ವಲಯದಲ್ಲಿ ಒಂದು ಕೊರಗು ಕೇಳಿಬರುತ್ತದೆ. ಸಿನಿಮಾದ ಬೆನ್ನು ಹತ್ತದೆ ಇದ್ದಿದ್ದರೆ ಅವರು ಇನ್ನೂ ಹತ್ತು ನಾಟಕ ಬರೆಯುತ್ತಿದ್ದರಂತೆ. ‘ತುಘಲಕ್’ ಬರೆದ ಕೈ ಬಣ್ಣ ಹಚ್ಚಿಕೊಂಡು ಹಾಳಾಯಿತಂತೆ. 2019ರಲ್ಲಿ ಅವರು ತೀರಿಕೊಂಡ ಮೇಲೂ ಈ ಕೊರಗು ನಿಂತಿಲ್ಲ. ಹೀಗೆ ಕೊರಗುವವರಲ್ಲಿ ಬಹುಪಾಲು ಜನ ತಿಂಗಳ ಕೊನೆಗೆ ಸಂಬಳವೋ ಪಿಂಚಣಿಯೋ ಎಣಿಸಿಕೊಳ್ಳುವವರು ಎಂಬುದನ್ನು ಓದುಗರು ಗಮನಿಸಬೇಕು.

ಮಾಸ್ತಿಯವರು ಮೈಸೂರು ಸಂಸ್ಥಾನದಲ್ಲಿ ದೊಡ್ಡ ಅಧಿಕಾರಿಯಾಗಿದ್ದರು. ಅನಂತಮೂರ್ತಿ ಇಂಗ್ಲಿಷ್ ಮೇಷ್ಟ್ರು. ನಮ್ಮ ಬೊಳುವಾರು ಮಹಮದ್ ಕುಂಞಿ ಬ್ಯಾಂಕ್ ನೌಕರರಾಗಿದ್ದರು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಕನ್ನಡಕ್ಕೆ ತಂದ ಬಾನು ಮುಷ್ತಾಕ್ ವಕೀಲರು. ಸರಕಾರಿ ಕಡತ, ಬ್ಯಾಂಕಿನ ಲೆಡ್ಜರು, ಕೋರ್ಟಿನ ವಾಯಿದೆ ಇವೆಲ್ಲ ಎಷ್ಟು ಕಥೆಗಳನ್ನು ನುಂಗಿದವು ಎಂದು ಯಾರಾದರೂ ಲೆಕ್ಕ ಕೇಳಿದ್ದಾರೆಯೇ? ಇಲ್ಲ. ಅದು ಉದ್ಯೋಗ, ಮರ್ಯಾದಸ್ಥರ ಕೆಲಸ. ನಟನೆ ಮಾತ್ರ ಚಪಲ! ಗುಮಾಸ್ತಿಕೆ ಮಾಡುತ್ತ ಬರೆದವನು ತ್ಯಾಗಿ, ನಟನೆ ಮಾಡುತ್ತ ಬರೆದವನು ದಾರಿ ತಪ್ಪಿದವನು ಎಂಬ ಈ ನ್ಯಾಯ ಎಲ್ಲಿಂದ ಬಂತು?

ಕಾರ್ನಾಡರ ಬದುಕಿನ ಇಸವಿಗಳನ್ನೇ ನೋಡೋಣ. 1963ರಿಂದ 1970ರವರೆಗೆ ಅವರು ಮದ್ರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ ನೌಕರಿಯಲ್ಲಿದ್ದರು. ‘ತುಘಲಕ್’ ಬಂದದ್ದು 1964ರಲ್ಲಿ. 1970ರಲ್ಲಿ ‘ಸಂಸ್ಕಾರ’ ಚಿತ್ರದ ಪ್ರಾಣೇಶಾಚಾರ್ಯನಾದರು. (ಅದೇ ಚಿತ್ರದಲ್ಲಿ ನಾರಣಪ್ಪನಾದವರು ಪಿ. ಲಂಕೇಶ್. ಲಂಕೇಶರ ಲೇಖನಿ ಒಣಗಿತೆಂದು ಅವರ ಶತ್ರುಗಳೂ ಹೇಳಿದಂತಿಲ್ಲ.) ಹೋಮಿ ಭಾಭಾ ಫೆಲೋಶಿಪ್ ಸಿಕ್ಕಿದ 1970-72ರ ಅವಧಿಯಲ್ಲಿ ‘ಹಯವದನ’ ಬಂತು. ಆಮೇಲಿನದ್ದೇ ಆರೋಪ ಮಾಡುವವರ ದೊಡ್ಡ ಸಾಕ್ಷಿ. ‘ನಿಶಾಂತ್’, ‘ಮಂಥನ್’, ‘ಸ್ವಾಮಿ’, ಟೀವಿಯಲ್ಲಿ ‘ಮಾಲ್ಗುಡಿ ಡೇಸ್’ ಎಂದು ನಟನೆ ಬೆಳೆಯಿತು. 1971ರ ‘ಹಯವದನ’ಕ್ಕೂ 1988ರ ‘ನಾಗಮಂಡಲ’ಕ್ಕೂ ನಡುವೆ ‘ಅಂಜುಮಲ್ಲಿಗೆ’, ‘ಹಿಟ್ಟಿನ ಹುಂಜ’ ಎಂಬ ಎರಡೇ ನಾಟಕಗಳು. ಈ ಅಂತರ ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ.

ಆದರೆ ‘ನಾಗಮಂಡಲ’ ಹುಟ್ಟಿದ್ದು ಎಲ್ಲಿ? 1987-88ರಲ್ಲಿ ಷಿಕಾಗೋ ವಿಶ್ವವಿದ್ಯಾಲಯ ಅವರನ್ನು ಕರೆಸಿಕೊಂಡು ಸಂಬಳ ಕೊಟ್ಟು ಕೂರಿಸಿಕೊಂಡಿದ್ದಾಗ. ಟೀಪೂ ಕುರಿತ ನಾಟಕವನ್ನು ಮೊದಲು ಬರೆಸಿದ್ದು ಬಿಬಿಸಿ ರೇಡಿಯೋ. ಒಂದು ಫೆಲೋಶಿಪ್ಪು, ಒಂದು ವಿಶ್ವವಿದ್ಯಾಲಯ, ಒಂದು ರೇಡಿಯೋ. ಯಾರಾದರೂ ಆ ಮನುಷ್ಯನ ಸಮಯಕ್ಕೆ ಬೆಲೆ ಕೊಟ್ಟಾಗ ನಾಟಕ ಬಂದಿದೆ. ಯಾರೂ ಕೊಡದ ವರ್ಷಗಳಲ್ಲಿ ಸಿನಿಮಾ ಕೊಟ್ಟಿದೆ. ದುಡ್ಡಿಗಾಗಿ ನಟಿಸುತ್ತೇನೆ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. 1994ರ ತಮಿಳು ಚಿತ್ರ ‘ಕಾದಲನ್’ನಲ್ಲಿ ಅವರು ಖಳನಾಯಕ. ಅದೇ ದಶಕದಲ್ಲಿ ‘ತಲೆದಂಡ’ ಬಂತು, ‘ಅಗ್ನಿ ಮತ್ತು ಮಳೆ’ ಬಂತು. ಹಾಗಿರುವಾಗ ಆ ಹದಿನೇಳು ವರ್ಷಗಳ ಬಾಬ್ತು ಕನ್ನಡದ ಸಾರಸ್ವತ ಲೋಕ ಅವರಿಗೆ ಏನು ಕೊಟ್ಟಿತ್ತು? ಹಾರ, ಶಾಲು, ಒಂದು ಬುಟ್ಟಿ ಹಣ್ಣು.

ಉರ್ದು ಓದಿದವರಿಗೆ ಮಂಟೋ ನೆನಪಾಗದೆ ಇರಲಾರ. ಬೊಂಬಾಯಿಯ ಫಿಲ್ಮಿಸ್ತಾನದಲ್ಲಿ ಸಂಬಳಕ್ಕೆ ಕಥೆ ಬರೆಯುತ್ತಿದ್ದ ಸಾದತ್ ಹಸನ್ ಮಂಟೋ 1946ರ ‘ಆಠ್ ದಿನ್’ ಚಿತ್ರದಲ್ಲಿ ತಲೆಕೆಟ್ಟ ಸೇನಾಧಿಕಾರಿಯಾಗಿ ನಟಿಸಿದ. ಇನ್ನೊಬ್ಬ ಕಥೆಗಾರ ಉಪೇಂದ್ರನಾಥ ಅಶ್ಕ್ ಕೂಡ ಅದರಲ್ಲಿದ್ದ. ಮುಂದೆ ಹುಚ್ಚರನ್ನೇ ಇಟ್ಟುಕೊಂಡು ‘ಟೋಬಾ ಟೇಕ್ ಸಿಂಗ್’ ಬರೆದನಲ್ಲ, ಆ ಎರಡಕ್ಕೂ ಗಂಟು ಹಾಕುವುದು ಸುಲಭ, ನಾನು ಹಾಕುವುದಿಲ್ಲ. ನನಗೆ ಮುಖ್ಯವಾದದ್ದು ಬೇರೆ. 1948ರಲ್ಲಿ ಲಾಹೋರಿಗೆ ಹೋದ ಮೇಲೆ ಅವನಿಗೆ ಸ್ಟುಡಿಯೋ ಇಲ್ಲ, ಸಂಬಳವಿಲ್ಲ, ಬಣ್ಣವಿಲ್ಲ. ನಮ್ಮ ಶುದ್ಧ ಸಾಹಿತಿಗಳು ಬಯಸುವ ಹಾಗೆ ಬರೀ ಲೇಖಕನಾದ. ಪತ್ರಿಕೆಯ ಕಚೇರಿಗೆ ಹೋಗಿ ಕೂತು ಅಲ್ಲೇ ಕಥೆ ಬರೆದು, ಸಿಕ್ಕಷ್ಟು ರೂಪಾಯಿ ಇಸಿದುಕೊಂಡು ಎದ್ದು ಬರುವ ಸ್ಥಿತಿ. ಒಂದು ಕಡೆ ಅಶ್ಲೀಲತೆಯ ಮೊಕದ್ದಮೆಗಳು, ಇನ್ನೊಂದು ಕಡೆ ಕುಡಿತ. 1955ರ ಜನವರಿಯಲ್ಲಿ, 42ರ ವಯಸ್ಸಿನಲ್ಲಿ ಮುಗಿದುಹೋದ. ಆ ಬರೀ ಲೇಖಕನ ವರ್ಷಗಳಲ್ಲಿ ಅದ್ಭುತ ಕಥೆಗಳು ಬಂದವಲ್ಲ ಎಂದು ಯಾರಾದರೂ ಹೇಳಬಹುದು. ಬಂದವು ನಿಜ. ಆ ಕಥೆಗಳ ಬೆಲೆಯನ್ನು ಅವನ ಹೆಂಡತಿ ಮಕ್ಕಳನ್ನು ಕೇಳಬೇಕಿತ್ತು.

ಇನ್ನು ನಮ್ಮ ಮೊಹಲ್ಲಾದ ಹಿರಿಯರ ಮಾತು. ಸಾಹಿತಿಗಳು ಕಲೆಯ ಹೆಸರಿನಲ್ಲಿ ಹೇಳಿದ್ದನ್ನೇ ಇವರು ದೀನಿನ ಹೆಸರಿನಲ್ಲಿ ಹೇಳುತ್ತಾರೆ: ಕಥೆ ಬರೆಯುತ್ತೀಯಾ, ಆಗಲಿ; ಮುಖಕ್ಕೆ ಬಣ್ಣ ಯಾಕೆ ಬೇಟಾ? ಇವರಿಗೆ ಮಹಮ್ಮದ್ ಪೀರರ ಹೆಸರು ಗೊತ್ತಿದೆಯೋ ಇಲ್ಲವೋ. ಪೀರರ ಚಂದ್ರಕಲಾ ನಾಟಕ ಮಂಡಳಿ ಇಲ್ಲದಿದ್ದರೆ ಎಚ್.ಎಲ್.ಎನ್. ಸಿಂಹರ ‘ಸಂಸಾರ ನೌಕೆ’ಗೆ ರಂಗ ಎಲ್ಲಿತ್ತು? ಆ ನಾಟಕವೇ 1936ರಲ್ಲಿ ಸಿನಿಮಾ ಆಯಿತು.

ನಾನು ಕೆಲವು ಕನ್ನಡ ಧಾರಾವಾಹಿಗಳಲ್ಲಿ ಚಿಕ್ಕಪುಟ್ಟ ಪಾತ್ರ ಮಾಡಿದ್ದೇನೆ. ಎರಡು ದಿನದ ಶೂಟಿಂಗಿನ ದುಡ್ಡು ನನ್ನ ಮೊದಲ ಸಂಕಲನಕ್ಕೆ ಬಂದ ಗೌರವಧನಕ್ಕಿಂತ ಹೆಚ್ಚು. ದುಡ್ಡಿನ ಮಾತು ಅಲ್ಲಿಗಿರಲಿ. ಒಂದು ಧಾರಾವಾಹಿಯಲ್ಲಿ ನನಗೆ ಸಿಕ್ಕಿದ್ದು ಗುಜರಿ ಅಂಗಡಿಯ ಸಾಹೇಬನ ಪಾತ್ರ. ಕೈಗೆ ಕೊಟ್ಟ ಹಾಳೆಯಲ್ಲಿ ಎಲ್ಲ ಮಾತೂ ‘ನಮ್ದುಕೆ’, ‘ನಿಮ್ದುಕೆ’! ನಮ್ಮೂರಿನ ಗುಜರಿ ಅಂಗಡಿಯ ಸಾಹೇಬರು ನನಗಿಂತ ಚೆನ್ನಾಗಿ ಕನ್ನಡ ಮಾತಾಡುತ್ತಾರೆ, ಬದಲಾಯಿಸೋಣವೇ ಎಂದು ಕೇಳಿದೆ. ‘ಹಾಗಾದರೆ ನೀವು ಮುಸ್ಲಿಮ್ ಅಂತ ಜನಕ್ಕೆ ಗೊತ್ತಾಗೋದು ಹೇಗೆ ಸಾರ್?’ ಎಂದರು ನಿರ್ದೇಶಕರು. ತಲೆಗೆ ಟೋಪಿ, ಕಣ್ಣಿಗೆ ಸುರ್ಮಾ, ಕೊರಳಿಗೆ ತಾಯತ ಎಲ್ಲ ಆದ ಮೇಲೂ ಗೊತ್ತಾಗುವುದಿಲ್ಲವಂತೆ. ನಾನು ಶಾಟ್‌ನಲ್ಲಿ ನನ್ನ ಕನ್ನಡವನ್ನೇ ಆಡಿದೆ. ಹನ್ನೆರಡು ದಿನ ಇರಬೇಕಿದ್ದ ಸಾಹೇಬ ಮೂರನೆಯ ದಿನಕ್ಕೆ ಊರು ಬಿಟ್ಟು ಹೋದ.

ಕಥೆಗಾರನಿಗೆ ಅಲ್ಲೇನು ಕೆಲಸ ಎಂದು ಕೇಳುವವರು ಇದನ್ನೂ ಯೋಚಿಸಲಿ. ನಾನು ಮನೆಯಲ್ಲಿ ಕೂತು ಆ ಗುಜರಿ ಸಾಹೇಬನ ಬಗ್ಗೆ ಕಥೆ ಬರೆದರೆ ಓದುವವರು ಸಾವಿರ ಜನ. ಆ ‘ನಮ್ದುಕೆ’ಯನ್ನು ಸಂಜೆಯ ಹೊತ್ತು ಕೇಳಿ ನಗುವವರು ಲಕ್ಷಾಂತರ. ಆ ಹಾಳೆ ಬರೆಯುವ ಜಾಗದಲ್ಲೂ ಅದನ್ನು ಆಡುವ ಜಾಗದಲ್ಲೂ ನಮ್ಮವರು ಇಲ್ಲದಿದ್ದರೆ ಅದನ್ನು ತಿದ್ದುವವರು ಯಾರು?

ನಟನೆ ಸಮಯ ತಿನ್ನುತ್ತದೆ. ಕಾಲ್‌ಶೀಟಿನ ದಿನ ಒಂದು ಸಾಲೂ ಬರೆಯಲಾಗುವುದಿಲ್ಲ, ಮರುದಿನವೂ ತಲೆ ಖಾಲಿ. ಬೆಳಿಗ್ಗೆ ಬರವಣಿಗೆ, ಸಂಜೆ ನಟನೆ ಎಂಬ ಸಮತೋಲನವೆಲ್ಲ ಸಂದರ್ಶನಗಳಲ್ಲಿ ಹೇಳುವ ಮಾತು. ವರ್ಷಕ್ಕೆ ಇಷ್ಟು ದಿನ ಮಾರುತ್ತೇನೆ, ಇಷ್ಟು ದಿನ ಮಾರುವುದಿಲ್ಲ ಎಂದು ಕ್ಯಾಲೆಂಡರಿನ ಮುಂದೆ ನಿಂತು ತೀರ್ಮಾನಿಸಬೇಕಾಗುತ್ತದೆ. ಆ ತೀರ್ಮಾನ ನನ್ನದು. ಅದರಲ್ಲಿ ಪಾಲು ಬೇಕಿರುವ ವಿಮರ್ಶಕರು, ಸಂಪಾದಕರು, ಅಕಾಡೆಮಿಯ ಸದಸ್ಯರು ಮಾರದ ದಿನಗಳ ಖರ್ಚಿನಲ್ಲೂ ಪಾಲು ತೆಗೆದುಕೊಳ್ಳಲಿ. ಅರವತ್ತು ದಾಟಿದ ಮೇಲೆ ಕೊಡುವ ಪ್ರಶಸ್ತಿಯ ಬದಲು ನಲವತ್ತರಲ್ಲಿ ಆರು ತಿಂಗಳ ಖರ್ಚು ಕೊಡಲಿ. ಪುಕ್ಕಟೆ ಕಥೆ ಕೇಳುವ ವಿಶೇಷಾಂಕದವರು ಮುದ್ರಕನಿಗೆ ಕೊಟ್ಟಷ್ಟೇ ನಿಯತ್ತಿನಿಂದ ಕಥೆಗಾರನಿಗೂ ಚೆಕ್ ಬರೆಯಲಿ. ಮುಂದಿನ ಸಲ ‘ನೀವು ಸೀರಿಯಲ್‌ಗೆ ಹೋಗಿ ಹಾಳಾದಿರಿ’ ಎಂದವರಿಗೆ ನನ್ನ ಕಡೆಯಿಂದ ಒಂದೇ ಸವಾಲು: ಕಳೆದ ವರ್ಷ ನೀವು ದುಡ್ಡು ಕೊಟ್ಟು ಕೊಂಡ ಕಥಾಸಂಕಲನ ಯಾವುದು ಸ್ವಾಮಿ?