ಸ್ಮಶಾನದೊಳಗಣ ಸಂತೆ

ಮೃತ್ಯುವಿನ ಚಿತ್ರವೆಂದೊಡನೆ ಮುಖ ತಿರುಗಿಸುವವರು ನಮ್ಮಲ್ಲಿ ಬಹಳ. ದಿನವೆಲ್ಲ ದುಡಿದು ಪತ್ರಿಕೆ ಬಿಡಿಸಿದವನಿಗೆ ಈ ವಿಷಯವೇಕೆ ಎಂದು ವಾಚಕರು ಕೇಳಿದರೆ ತಪ್ಪಲ್ಲ. ಆದರೂ ಒಂದು ಹಳೆಯ ಚಿತ್ರದ ವಿಚಾರವಾಗಿ ಎರಡು ಮಾತು ಹೇಳಬೇಕೆನಿಸಿದೆ. ಅದನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳುವುದೇ ರೂಢಿಯಾಗಿದೆಯೆಂಬುದು ನಮ್ಮ ಭಾವನೆ.

ಇಟಲಿಯ ಫ್ಲಾರೆನ್ಸ್ ನಗರದ ಸ್ತೆಫಾನೊ ದೆಲ್ಲಾ ಬೆಲ್ಲಾ ಎಂಬ ಕಲಾವಿದನು 1639ರಲ್ಲಿ ಪ್ಯಾರಿಸಿಗೆ ಹೋಗಿ, ಹನ್ನೊಂದು ವರ್ಷ ಆ ಪರಸ್ಥಳದಲ್ಲಿಯೇ ದುಡಿದನು. ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಿಂದ ಗೀಚಿ, ಆಮ್ಲದಿಂದ ಗೆರೆಗಳನ್ನು ಕೊರೆಯಿಸಿ ಅಚ್ಚು ತೆಗೆಯುವುದು ಅವನ ಕಸುಬು. ಬಣ್ಣದ ಚಿತ್ರ ಕೊಳ್ಳಲಾರದವರೂ ಇಂಥ ಅಚ್ಚುಗಳನ್ನು ಕೊಳ್ಳಬಹುದಾಗಿತ್ತು. 1648ರ ಸುಮಾರಿಗೆ ಅವನು ಮೃತ್ಯುವನ್ನು ಕುರಿತು ಐದು ಅಂಡಾಕಾರದ ಚಿತ್ರಗಳನ್ನು ರಚಿಸತೊಡಗಿದನು. ಅವುಗಳಲ್ಲೊಂದರಲ್ಲಿ ಎಲುಬಿನ ಹಂದರವೊಂದು ಕೂಸನ್ನು ಹೊತ್ತು ನಡೆದಿದೆ. ಹಿಂದೆ ಕಾಣುವುದು ಪ್ಯಾರಿಸಿನ 'ನಿರಪರಾಧಿ ಶಿಶುಗಳ' ಸ್ಮಶಾನ. ಹೆರೋದ ರಾಜನು ಕೊಲ್ಲಿಸಿದನೆಂದು ಬೈಬಲ್ ಹೇಳುವ ಹಸುಳೆಗಳ ಹೆಸರು ಅದಕ್ಕೆ.

ಲೋಕವೆಲ್ಲ ನಶ್ವರ, ಎಚ್ಚರವಾಗಿರು ಎಂದು ಚಿತ್ರಕಾರನು ಹೆದರಿಸುತ್ತಿದ್ದಾನೆಂಬುದು ಸಾಮಾನ್ಯವಾದ ವ್ಯಾಖ್ಯಾನ. ನಾವು ಇದನ್ನು ಒಪ್ಪಲಾರೆವು. ಹಿನ್ನೆಲೆಯ ಆ ಸ್ಥಳ ಎಂಥದೆಂದು ತಿಳಿದವನು ಹಾಗೆನ್ನಲಾರ.

ಆ ಸ್ಮಶಾನಕ್ಕೆ ತಾಗಿಕೊಂಡೇ ನಗರದ ದೊಡ್ಡ ಪೇಟೆಯಿತ್ತು. ಬಡವರ ಹೆಣಗಳನ್ನು ದೊಡ್ಡ ದೊಡ್ಡ ಗುಂಡಿಗಳಲ್ಲಿ ಒಟ್ಟಾಗಿ ಹೂಳುತ್ತಿದ್ದರು. ಸ್ಥಳ ಸಾಲದಾದಾಗ ಹಳೆಯ ಎಲುಬುಗಳನ್ನು ತೆಗೆದು, ಸುತ್ತಣ ಕಮಾನುಗಳ ಮೇಲಣ ಅಟ್ಟಗಳಲ್ಲಿ ಒಟ್ಟುತ್ತಿದ್ದರು. ಅದೇ ಕಮಾನುಗಳ ಕೆಳಗೆ ಬಟ್ಟೆ, ಪುಸ್ತಕಗಳ ವ್ಯಾಪಾರ ನಡೆಯುತ್ತಿತ್ತು. ಅಕ್ಷರ ಬಾರದ ಆಳುಮಕ್ಕಳಿಗೆ ಕಾಸಿಗೆ ಕಾಗದ ಬರೆದುಕೊಡುವವರೂ ಅಲ್ಲಿಯೇ ಕುಳಿತಿರುತ್ತಿದ್ದರು. ಮುಂಬಯಿಯ ದೊಡ್ಡ ಅಂಚೆ ಕಚೇರಿಯ ಬಳಿ ಪರರ ಮನಿಯಾರ್ಡರು ತುಂಬಿಕೊಡುತ್ತಿದ್ದವರನ್ನು ಕಂಡ ಹಿರಿಯ ವಾಚಕರಿಗೆ ಇವರ ಪರಿಚಯ ಬೇರೆ ಹೇಳಬೇಕಾಗಿಲ್ಲ. ತಲೆಯ ಮೇಲೆ ಬುರುಡೆಗಳ ರಾಶಿ. ಕೆಳಗೆ, ಊರಿನ ತಾಯಿಗೆ 'ಕ್ಷೇಮ' ಎಂಬ ಒಕ್ಕಣೆ!

ಇಂಥ ಊರಿನವರಿಗೆ ಸಾವಿನ ನೆನಪು ಮಾಡಿಕೊಡಲು ಚಿತ್ರ ಬೇಕಾಗಿರಲಿಲ್ಲ. ಹುಟ್ಟಿದ ನಾಲ್ಕು ಮಕ್ಕಳಲ್ಲಿ ಸುಮಾರು ಒಂದು, ವರ್ಷ ತುಂಬುವ ಮೊದಲೇ ಕಣ್ಮುಚ್ಚುತ್ತಿದ್ದ ಕಾಲವದು. ದೆಲ್ಲಾ ಬೆಲ್ಲಾನ ಮೃತ್ಯುವು ಉಪದೇಶಕನಲ್ಲ, ನ್ಯಾಯಾಧೀಶನೂ ಅಲ್ಲ. ನಮ್ಮ ಕಣ್ಣಿಗೆ ಅವನು ಪಕ್ಕದ ಪೇಟೆಯ ಹಮಾಲನಂತೆಯೇ ತೋರುತ್ತಾನೆ: ಹೊರೆ ಹೊತ್ತಿದ್ದಾನೆ, ಹೋಗುತ್ತಿದ್ದಾನೆ. ಭಯಕ್ಕಿಂತ ಹೆಚ್ಚಾಗಿ ಎದೆಯನ್ನು ಹಿಂಡುವುದು ಇದೇ.

ಹೀಗೆ ಹೆಣಗಳ ನಡುವೆ ಕೊಡುಕೊಳ್ಳುವವರ ಮನಸ್ಸು ಕಲ್ಲಾಗಿರಬೇಕೆಂದು ಕೆಲವರು ಆಕ್ಷೇಪಿಸಬಹುದು. ರೂಢಿಯೇ ಬೇರೆ, ಕಾಠಿಣ್ಯವೇ ಬೇರೆ. ಮನಸ್ಸು ಕಲ್ಲಾದ ಊರಿನಲ್ಲಿ, ಮೃತ್ಯುವಿನ ಹೆಗಲಿಗೆ ಹೊರೆಯಾಗಿ ಒಂದು ಕೂಸನ್ನು ಹೊರಿಸಬೇಕೆಂದು ಚಿತ್ರಕಾರನಿಗೆ ತೋಚುತ್ತಿತ್ತೆ? ಕಳೆದುಕೊಂಡವರು ಸುತ್ತಲೂ ಇದ್ದರು. ಮರುದಿನ ಬೆಳಿಗ್ಗೆ ಅಂಗಡಿ ತೆರೆಯದೆ ಅವರಿಗೆ ಗತಿಯಿರಲಿಲ್ಲ.

1780ರಲ್ಲಿ ಆ ಸ್ಮಶಾನವನ್ನು ಮುಚ್ಚಿದರು. 1786ರಿಂದ ಎಲುಬುಗಳನ್ನು ರಾತ್ರಿಯ ಹೊತ್ತು ಗಾಡಿಗಳಲ್ಲಿ ಹೇರಿ ಊರಾಚೆಯ ಹಳೆಯ ಕಲ್ಲುಗಣಿಗಳಿಗೆ ಸಾಗಿಸಿದರು. ಈಗ ಅಲ್ಲಿ ಒಂದು ಚೌಕ, ನಡುವೆ ಒಂದು ಕಾರಂಜಿ. ಜನ ಅದರ ಮೆಟ್ಟಿಲಮೇಲೆ ಕುಳಿತು ಮಾತನಾಡುತ್ತಾರೆ.