ಗೋಡೆಯಾಚೆಯ ಜನ

2020ರ ಫೆಬ್ರವರಿ. ಅಮೆರಿಕದ ಅಧ್ಯಕ್ಷರು ಅಹಮದಾಬಾದಿಗೆ ಬರುವವರಿದ್ದರು. ಅವರು ಹಾದುಹೋಗುವ ದಾರಿಯಲ್ಲಿದ್ದ ಸರಾಣಿಯಾವಾಸ್ ಕೊಳೆಗೇರಿಯ ಮುಂದೆ ತರಾತುರಿಯಲ್ಲಿ ಗೋಡೆ ಎದ್ದಿತು. ಒತ್ತುವರಿ ತಡೆಯುವುದಕ್ಕೆ ಎಂದರು ಅಧಿಕಾರಿಗಳು. ತಮ್ಮ ಬಡತನ ಮುಚ್ಚುವುದಕ್ಕೆ ಎಂದರು ಅಲ್ಲಿಯ ಜನ.

ಅದೇ ಗುಜರಾತಿನ ಬರೋಡದಲ್ಲಿ ಅರ್ಧ ಶತಮಾನದ ಹಿಂದೆ ಒಬ್ಬರು ಇದಕ್ಕೆ ತದ್ವಿರುದ್ಧವಾದ ಕೆಲಸಕ್ಕೆ ಕೂತಿದ್ದರು. ಚಿತ್ರಕಲಾವಿದ ಭೂಪೇನ್ ಖಕ್ಕರ್ ಹೊಟ್ಟೆಪಾಡಿಗೆ ಕಾರ್ಖಾನೆಯ ಲೆಕ್ಕಪತ್ರ ನೋಡುತ್ತಿದ್ದ ಚಾರ್ಟರ್ಡ್ ಅಕೌಂಟೆಂಟ್. 1972-73ರಲ್ಲಿ ಅವರು ಬರೆದದ್ದು ದೇವರನ್ನಲ್ಲ, ರಾಜರನ್ನಲ್ಲ. ‘ಜನತಾ ವಾಚ್ ರಿಪೇರಿಂಗ್’, ‘ಡಿ-ಲಕ್ಸ್ ಟೈಲರ್ಸ್’, ಕ್ಷೌರದಂಗಡಿ. ಕ್ಯಾಮೆರಾದ ಯಥಾವತ್ತು ಅಲ್ಲಿಲ್ಲ, ಆದರೂ ಪೇಟೆಬೀದಿ ನಿಜವಾಗಿಯೇ ಇದೆ. ಅವರ ಗೆಳೆಯ, ಕಲಾವಿದ ಗುಲಾಮ್ ಮೊಹಮ್ಮದ್ ಶೇಖ್ 1981ರಿಂದ 84ರವರೆಗೆ ‘ಸಿಟಿ ಫಾರ್ ಸೇಲ್’ ಎಂಬ ದೊಡ್ಡ ಚಿತ್ರ ಬರೆದರು. ಅದರಲ್ಲಿ ತರಕಾರಿ ಮಾರುವ ಹೆಂಗಸೂ ಇದ್ದಾಳೆ, ‘ಸಿಲ್ಸಿಲಾ’ ಸಿನಿಮಾವೂ ಇದೆ, ಅದೇ ಊರು ಕೋಮುಗಲಭೆಯಲ್ಲಿ ಉರಿಯುವುದೂ ಇದೆ. ಊರನ್ನು ಪ್ರೀತಿಸುವವರು ಅದರ ಗಾಯವನ್ನು ಮುಚ್ಚಿಡುವುದಿಲ್ಲ.

ಮುಂದೇನಾಯಿತು? 2017ರಲ್ಲಿ ಖಕ್ಕರ್ ಬರೆದ ಆ ದರ್ಜಿಯ ಚಿತ್ರ ಲಂಡನ್ನಿನ ಹರಾಜಿನಲ್ಲಿ ಹತ್ತು ಲಕ್ಷ ಪೌಂಡಿಗೂ ಮಿಗಿಲಾಗಿ ಹೋಯಿತು. ಚಿತ್ರದ ದರ್ಜಿಗೆ ಕೋಟಿ; ನಮ್ಮ ಬೀದಿಯ ದರ್ಜಿಯ ಹತ್ತಿರ ಹತ್ತು ರೂಪಾಯಿಗೆ ಚೌಕಾಶಿ. ನಾಚಿಕೆಯಾಗಬೇಕಲ್ಲವೇ?

ಬಟ್ಟೆ ನೇಯುವವರ ಪಾಡೂ ಇದೇ. 2020ರ ಏಪ್ರಿಲ್‌ನಲ್ಲಿ, ಕೋವಿಡ್ ಲಾಕ್‌ಡೌನಿನ ನಡುವೆ, ಸೂರತ್ತಿನ ಮಗ್ಗದ ಕೂಲಿಗಳು, ಬಹುಪಾಲು ಒಡಿಶಾದಿಂದ ಬಂದವರು, ಊರಿಗೆ ಕಳಿಸಿ ಎಂದು ಬೀದಿಗಿಳಿದರು. ಅವರು ನೇಯ್ದ ಸೀರೆಯುಟ್ಟ ನಮಗೆ ಅಲ್ಲಿಯವರೆಗೆ ಅವರ ಮುಖ ಗೊತ್ತಿತ್ತೇ?

ಗುಜರಾತಿನ ಕಡೆ ಬೆರಳು ತೋರಿಸಿ ಕೈತೊಳೆದುಕೊಳ್ಳುವಂತಿಲ್ಲ. ಗಣ್ಯರು ಬರುವ ಮುನ್ನ ಗಾಡಿಯಂಗಡಿ ಎತ್ತಿಸುವುದು ನಮ್ಮ ಊರುಗಳಿಗೂ ಹೊಸದಲ್ಲ. ಆದರೆ ಕಾಣಿಸುವ ದಾರಿಯೂ ನಮಗೆ ಗೊತ್ತು: ಮೈಸೂರಿನ ಕಲಾವಿದ ಎನ್.ಎಸ್. ಹರ್ಷರಂತೆ ನಮ್ಮ ಅನೇಕರು ಬರೋಡದ ಕಲಾಶಾಲೆಯಲ್ಲಿ ಕಲಿತು ಬಂದಿದ್ದಾರೆ. ಇವತ್ತು ಕುಂಚ ಹಿಡಿದಿರುವ ಹುಡುಗ ಹುಡುಗಿಯರೇ, ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ಬಸ್ಸಿಗೆ ಕಾಯುವವರನ್ನು ಬರೆಯಿರಿ. ನಗರಸಭೆಗಳೇ, ಅಂಥ ಚಿತ್ರಗಳನ್ನು ಕೊಂಡು ನಿಮ್ಮ ಸಭಾಂಗಣದಲ್ಲೇ ತೂಗುಹಾಕಿ; ತೆರವಿನ ಆದೇಶಕ್ಕೆ ಸಹಿ ಹಾಕುವ ಮೊದಲು ಆ ಮುಖಗಳು ನಿಮ್ಮನ್ನು ನೋಡಲಿ.

ಚಿತ್ರ ಬರೆಯಲು ಬಾರದ ನಾವೂ ತಪ್ಪಿಸಿಕೊಳ್ಳುವುದು ಬೇಡ. ನಿಮ್ಮ ಅಂಗಿ ಹೊಲಿಯುವವರ ಅಂಗಡಿಯಲ್ಲಿ ಇವತ್ತು ಸಂಜೆ ಹತ್ತು ನಿಮಿಷ ಕೂತುಕೊಳ್ಳಿ. ಮೊದಲು ಅವರ ಹೆಸರು ಕೇಳಿ.